ನಮ್ಮ ಬೀದಿಗೆ ನಾಲ್ಕು ಮನೆ ಝೋನಿಂಗ್ ಬರ್ತಿದೆ: ವಿರೋಧದ ಅರ್ಜಿಗೆ ಸಹಿ ಹಾಕೋದಾ, ಬೇಡವಾ?

ಅಮೆರಿಕದ ಒಂದು ಉಪನಗರದಲ್ಲಿ ಒಂಬತ್ತು ವರ್ಷದಿಂದ ಸ್ವಂತ ಮನೆಯಲ್ಲಿದ್ದೇವೆ. ರೈಲು ನಿಲ್ದಾಣಕ್ಕೆ ಅರ್ಧ ಮೈಲಿಯೂ ಇಲ್ಲ. ನಗರದ ಹೊಸ ಕಾಂಪ್ರಹೆನ್ಸಿವ್ ಪ್ಲಾನ್ ಕರಡಿನ ನಕ್ಷೆಯಲ್ಲಿ ನಮ್ಮ ಬೀದಿ ಹಳದಿ ಬಣ್ಣದಿಂದ ಕಿತ್ತಳೆಗೆ ಬಂದಿದೆ. ಝೋನಿಂಗ್ ಅಂದರೆ ಯಾವ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನೋ ನಗರದ ನಿಯಮ: ಇಲ್ಲಿಯವರೆಗೆ ಒಂದು ಸೈಟಿಗೆ ಒಂದೇ ಮನೆ, ಇನ್ನು ಮುಂದೆ ನಾಲ್ಕರವರೆಗೆ. ಹಿಯರಿಂಗ್‌ಗೆ, ಅಂದರೆ ಜನರ ಮಾತು ಕೇಳೋ ಸಭೆಗೆ, ಮೂರು ವಾರ ಇದೆ. ಎದುರು ಮನೆಯವರು ವಿರೋಧದ ಅರ್ಜಿ ಹಿಡಿದು ಬಂದಿದ್ದರು, ಯೋಚನೆ ಮಾಡಿ ಹೇಳ್ತೀನಿ ಅಂದೆ. ಮರಗಳು ಹೋಗ್ತವಾ, ಕಾರುಗಳು ಎಲ್ಲಿ ನಿಲ್ತವೆ, ತೆರಿಗೆ ಏರುತ್ತಾ ಅನ್ನೋ ಭಯ ನನಗೂ ಇದೆ. ಹಾಗೇ ಮಗಳ ಟೀಚರ್ ಒಬ್ಬರು ಈ ಊರಲ್ಲಿ ಮನೆ ಸಿಗದೆ ದಿನಾ ಒಂದೂಕಾಲು ಗಂಟೆ ಡ್ರೈವ್ ಮಾಡ್ಕೊಂಡು ಬರ್ತಾರೆ ಅನ್ನೋದೂ ಗೊತ್ತು. ಇಂಥದ್ದನ್ನ ಹತ್ತಿರದಿಂದ ಕಂಡವರು ದಯವಿಟ್ಟು ಹೇಳಿ.

ಪ್ಲಾನಿಂಗ್ ಕಮಿಷನ್‌ನಲ್ಲಿ ಇದ್ದವರು:

ಮೇಡಂ, ನಾನು ಬೇರೊಂದು ಉಪನಗರದ ಪ್ಲಾನಿಂಗ್ ಕಮಿಷನ್‌ನಲ್ಲಿ ಆರು ವರ್ಷ ಇದ್ದವನು. ಮೊದಲು ಒಂದು ವಿಷಯ ಗೊತ್ತಿರಲಿ: ಕಾಂಪ್ರಹೆನ್ಸಿವ್ ಪ್ಲಾನ್ ಬೇರೆ, ಝೋನಿಂಗ್ ಆರ್ಡಿನೆನ್ಸ್ (ನಗರದ ಸ್ಥಳೀಯ ಕಾನೂನು) ಬೇರೆ. ಪ್ಲಾನ್ ಅಂದರೆ ಮುಂದಿನ ಹತ್ತಿಪ್ಪತ್ತು ವರ್ಷ ಊರು ಯಾವ ಕಡೆ ಬೆಳೀಬೇಕು ಅನ್ನೋ ಧೋರಣೆ. ಕಟ್ಟೋ ಹಕ್ಕು ಬರೋದು ಆರ್ಡಿನೆನ್ಸ್ ತಿದ್ದಿದ ಮೇಲೆ, ಅದಕ್ಕೆ ಸಾಮಾನ್ಯವಾಗಿ ಇನ್ನೊಂದು ಸುತ್ತು ಹಿಯರಿಂಗ್ ಇರುತ್ತೆ. ಮೊದಲ ಸುತ್ತಲ್ಲಿ ಕೂಗಾಡಿ ಸುಸ್ತಾದವರು ಎರಡನೇ ಸುತ್ತಿಗೆ ಬರೋದೇ ಇಲ್ಲ. ಅಳತೆಗಳು ನಿಗದಿಯಾಗೋದು ಅಲ್ಲೇ.

ಆದ್ದರಿಂದ ಬಣ್ಣದ ನಕ್ಷೆ ಪಕ್ಕಕ್ಕಿಡಿ, ಕೋಷ್ಟಕ ಕೇಳಿ ಪಡೀರಿ. ಸೈಟಿನ ಕನಿಷ್ಠ ವಿಸ್ತೀರ್ಣ ಎಷ್ಟು, ಸುತ್ತ ಎಷ್ಟು ಅಡಿ ಖಾಲಿ ಬಿಡಬೇಕು (ಸೆಟ್‌ಬ್ಯಾಕ್), ನೆಲದ ಎಷ್ಟು ಪಾಲು ಕಟ್ಟಡಕ್ಕೆ, ಎಫ್‌ಎಆರ್ (ಸೈಟಿನ ವಿಸ್ತೀರ್ಣಕ್ಕೆ ಎಲ್ಲ ಮಹಡಿ ಸೇರಿದ ಕಟ್ಟಡದ ವಿಸ್ತೀರ್ಣದ ಅನುಪಾತ) ಎಷ್ಟು, ಎತ್ತರ ಎಷ್ಟು, ಮನೆಯೊಂದಕ್ಕೆ ಎಷ್ಟು ಕಾರಿನ ಜಾಗ. ನಿಮ್ಮ ಬೀದಿ ಮುಂದೆ ಹೇಗಿರುತ್ತೆ ಅನ್ನೋದು ಈ ಅಂಕಿಗಳ ಕೈಯಲ್ಲಿದೆ.

ನಾನು ಇದನ್ನ ಕಲಿತದ್ದು ತಡವಾಗಿ. ನಮ್ಮ ಊರಲ್ಲೂ ನಾಲ್ಕು ಮನೆಗೆ ಅನುಮತಿ ಕೊಟ್ಟೆವು. ಎರಡು ವರ್ಷ ಒಂದೇ ಒಂದು ಅರ್ಜಿ ಬರಲಿಲ್ಲ. ಯಾಕೆ ಅಂತ ಒಂದು ಭಾನುವಾರ ನನ್ನ ಸೈಟನ್ನೇ ಟೇಪ್ ಹಿಡಿದು ಅಳೆದೆ, ಗ್ರಾಫ್ ಹಾಳೆ ಮೇಲೆ ಬರೆದೆ. 60 ಅಡಿಗೆ 120 ಅಡಿ, ಒಟ್ಟು 7,200 ಚದರಡಿ. ಮುಂದೆ 25 ಅಡಿ, ಹಿಂದೆ 25 ಅಡಿ, ಎರಡೂ ಪಕ್ಕ 8 ಅಡಿ ಬಿಟ್ಟರೆ ಉಳಿಯೋದು 44ಕ್ಕೆ 70. ಎಫ್‌ಎಆರ್ 0.5 ಅಂದರೆ ಎಲ್ಲ ಮಹಡಿ ಸೇರಿ 3,600 ಚದರಡಿ, ಅಂದರೆ ನಾಲ್ಕು ಮನೆಗೆ 900ರಂತೆ. ಗೋಡೆ, ಮೆಟ್ಟಿಲು ಎಲ್ಲ ಅದರಲ್ಲೇ. ಇಷ್ಟಾದರೂ ಹೇಗೋ ಆಗ್ತಿತ್ತು. ಆದರೆ ಮನೆಗೆ ಎರಡು ಕಾರಿನ ಲೆಕ್ಕದಲ್ಲಿ ಎಂಟು ಕಾರು. ನಿಲ್ಲೋಕೆ 9ಕ್ಕೆ 18 ಅಡಿ ಸಾಕು, ತಿರುಗಿಸೋ ಜಾಗ ಸೇರಿಸಿದರೆ ಒಂದೊಂದಕ್ಕೂ ಹೆಚ್ಚುಕಡಿಮೆ 300 ಚದರಡಿ. ಒಟ್ಟು 2,400. ಸೈಟಿನ ಮೂರನೇ ಒಂದು ಭಾಗ! ಮುಂದಿನ ಅಂಗಳದಲ್ಲಿ ಕಾರು ನಿಲ್ಲಿಸಬಾರದು ಅಂತ ನಮ್ಮ ಕೋಡ್‌ನಲ್ಲೇ ಇತ್ತು. ಹಿತ್ತಲು ಪೂರ್ತಿ ಡಾಂಬರು ಹಾಕಿದರೂ ಸಾಲದು. ಪೆನ್ಸಿಲ್ ಕೆಳಗಿಟ್ಟೆ. ಅಲ್ಲಿ ಹಿಡಿಸೋದು ಎರಡೇ ಮನೆ. ಆ ಕೋಷ್ಟಕಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತೆ. ಆಮೇಲೆ ಮನೆಗೆ ಒಂದು ಕಾರು ಅಂತ ತಿದ್ದಿದೆವು.

ಇನ್ನೊಂದು. ಒಂದೇ ಮನೆ ಅನ್ನೋ ನಿಯಮ ಉಳಿದರೆ ಬೀದಿ ಈಗಿದ್ದ ಹಾಗೇ ಇರುತ್ತೆ ಅಂತ ಯಾರೂ ತಿಳ್ಕೊಳ್ಳಬೇಡಿ. ಅದೇ 7,200 ಚದರಡಿ ಮೇಲೆ 1,300 ಚದರಡಿಯ ಹಳೇ ಮನೆ ಕೆಡವಿ 3,600ರ ಒಂದೇ ಮನೆ ಕಟ್ಟೋಕೆ ಯಾವ ಹಿಯರಿಂಗೂ ಬೇಡ. ನಮ್ಮ ಬೀದಿಯಲ್ಲಿ ಹಾಗೆ ಮೂರು ಎದ್ದಿವೆ.

ಎಕರೆಗೆ ಇಷ್ಟು ಮನೆ ಅನ್ನೋ ಅಂಕಿ ಕೇಳಿ ಹೆದರೋರು ಬಹಳ. ಒಂದು ಎಕರೆ ಅಂದರೆ 43,560 ಚದರಡಿ. ನನ್ನ ಸೈಟಿನಂಥದ್ದರ ಮೇಲೆ ಒಂದು ಮನೆ ಇದ್ದರೆ ಎಕರೆಗೆ 6, ನಾಲ್ಕಿದ್ದರೆ 24. ಆದರೆ ಅದು ಸೈಟುಗಳ ಲೆಕ್ಕ ಮಾತ್ರ. ರಸ್ತೆ, ಪಾರ್ಕು ಎಲ್ಲ ಸೇರಿಸಿ ಅಳೆದರೆ ಅದೇ ಬೀದಿಯ ಅಂಕಿ ಬಹಳ ಇಳಿಯುತ್ತೆ. ಕರಡಿನಲ್ಲಿರೋದು ಗ್ರಾಸ್ (ರಸ್ತೆ, ಪಾರ್ಕು ಸೇರಿದ) ಲೆಕ್ಕವೋ ನೆಟ್ (ಸೈಟು ಮಾತ್ರದ) ಲೆಕ್ಕವೋ ಅಂತ ಸಿಬ್ಬಂದಿಯನ್ನ ಕೇಳಿ. ಸಭೆಯಲ್ಲಿ ಒಬ್ಬರು ಒಂದನ್ನ, ಇನ್ನೊಬ್ಬರು ಇನ್ನೊಂದನ್ನ ಹಿಡ್ಕೊಂಡು ಗಂಟೆಗಟ್ಟಲೆ ವಾದ ಮಾಡಿದ್ದನ್ನ ನೋಡಿದ್ದೀನಿ.

ಪಕ್ಕದಲ್ಲಿ ನಾಲ್ಕು ಮನೆ ಎದ್ದವರು:

ಅಕ್ಕ, ನಾನು ಇಂಥದೇ ಅರ್ಜಿಗೆ ಸಹಿ ಹಾಕಿದ್ದೆ. ನಾವು ಸೋತೆವು. ಆಮೇಲೆ ನಮ್ಮ ಬಲಗಡೆ ಸೈಟಿನಲ್ಲೇ ಮೊದಲನೇ ಕಟ್ಟಡ ಎದ್ದಿತು.

ಹದಿನಾಲ್ಕು ತಿಂಗಳು ಧೂಳು, ಬೆಳಿಗ್ಗೆ ಏಳಕ್ಕೇ ಗದ್ದಲ. ಅದು ಮುಗೀತು, ಮರೆತೂ ಹೋಯಿತು. ಮರೆಯೋಕಾಗದ್ದು ಎರಡು. ಬೇಲಿ ಪಕ್ಕ ನಮ್ಮದೊಂದು ಮೇಪಲ್ ಮರ ಇತ್ತು, ಕಾಂಡ 20 ಅಂಗುಲ ದಪ್ಪ. ಕಾಂಡದ ಒಂದು ಅಂಗುಲಕ್ಕೆ ಒಂದು ಅಡಿಯಂತೆ ಸುತ್ತಲಿನ ಬೇರು ಕಾಪಾಡಬೇಕು ಅನ್ನೋದು ಮರದ ತಜ್ಞರ ರೂಢಿಯ ಲೆಕ್ಕ, ಅಂದರೆ ನಮ್ಮ ಮರಕ್ಕೆ 20 ಅಡಿ. ಪಾಯ ತೋಡಿದ್ದು ಕಾಂಡದಿಂದ 6 ಅಡಿ ದೂರದಲ್ಲಿ. ಮರ ನಮ್ಮ ಜಾಗದಲ್ಲೇ ಇತ್ತು, ಒಂದು ಕೊಂಬೆಯನ್ನೂ ಯಾರೂ ಮುಟ್ಟಲಿಲ್ಲ. ಎರಡನೇ ಬೇಸಿಗೆಯಲ್ಲಿ ತುದಿಯ ಕೊಂಬೆಗಳಲ್ಲಿ ಎಲೆಯೇ ಬರಲಿಲ್ಲ. ಮೂರನೇ ವರ್ಷ ಕಡಿಸಿದೆವು. ಆ ದಿನ ನಮ್ಮವರು ಮನೆಯಲ್ಲಿ ಇರೋಕಾಗದೆ ಹೊರಗೆ ಹೋಗಿಬಿಟ್ಟರು.

ಎರಡನೇದು ನೀರು. ಅವರ ಚಾವಣಿಯ ಕೊಳವೆ ನಮ್ಮ ಕಡೆಗೇ ತಿರುಗಿತ್ತು. ಮೊದಲ ಜೋರು ಮಳೆಗೆ ನಮ್ಮ ಬೇಸ್‌ಮೆಂಟಿನಲ್ಲಿ ಗೇಣು ನೀರು. ಗುತ್ತಿಗೆದಾರ ಫೋನ್ ಎತ್ತಲಿಲ್ಲ. ನಗರದ ಇನ್‌ಸ್ಪೆಕ್ಟರ್ ಬಂದು ನೋಡಿದ ಮೇಲೆ ಜಲ್ಲಿ ತುಂಬಿದ ಇಂಗುಗುಂಡಿ ತೋಡಿಸಿದರು, ಆಮೇಲೆ ನಿಂತಿತು.

ಆ ನಾಲ್ಕು ಮನೆಯ ಜನರ ಬಗ್ಗೆ ನನ್ನದು ಒಂದು ದೂರೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಬರೋ ನರ್ಸ್ ಒಬ್ಬರಿದ್ದಾರೆ, ಹಿಮ ಬಿದ್ದ ದಿನ ನಮ್ಮ ಮುಂದಿನ ದಾರಿಯನ್ನೂ ಅವರೇ ಸರಿಸಿ ಮಲಗ್ತಾರೆ. ಒಟ್ಟು ಆರು ಕಾರು, ಎರಡು ರಸ್ತೆಯಲ್ಲಿ ನಿಲ್ತವೆ. ನಾವು ಅರ್ಜಿಯಲ್ಲಿ ಏನು ಬರೆದಿದ್ದೆವು ಗೊತ್ತಾ? ಬಡಾವಣೆಯ ಚಹರೆ ಹಾಳಾಗುತ್ತೆ ಅಂತ. ನೀರು ಮತ್ತು ಬೇರು ಅಂತ ಬರೆದಿದ್ದರೆ ನಮ್ಮ ಮರ ಇವತ್ತಿಗೂ ನಿಂತಿರ್ತಿತ್ತೋ ಏನೋ. ಸೈಟಿನ ಎಷ್ಟು ಪಾಲು ಕಾಂಕ್ರೀಟು, ಡಾಂಬರು ಮುಚ್ಚಬಹುದು, ಪಕ್ಕದ ಸೈಟಿನ ಮರದ ಬೇರಿಗೂ ರಕ್ಷಣೆ ಇದೆಯಾ, ಚಾವಣಿ ನೀರು ಎಲ್ಲಿ ಇಂಗಬೇಕು, ಈ ಮೂರನ್ನ ಕೇಳಿ. ಕಟ್ಟೋಕೆ ಮುಂಚೆ ಕೇಳಿ.

ಮಿನಿಯಾಪೊಲಿಸ್‌ನಲ್ಲಿ ಇರುವವರು:

ನಮ್ಮ ಅನುಭವ ಮೇಲೆ ಕಮಿಷನ್‌ನವರು ಹೇಳಿದ್ದಕ್ಕೆ ಸರಿಯಾಗಿ ಹೊಂದುತ್ತೆ. 2018ರ ಡಿಸೆಂಬರಿನಲ್ಲಿ ನಮ್ಮ ಕೌನ್ಸಿಲ್ 12–1 ಮತದಿಂದ 2040ರ ಪ್ಲಾನ್ ಒಪ್ಪಿತು. ಒಂದೇ ಮನೆ ಅನ್ನೋ ಝೋನಿಂಗನ್ನ ಊರಿಡೀ ಕೈಬಿಟ್ಟ ಮೊದಲ ದೊಡ್ಡ ಅಮೆರಿಕನ್ ನಗರ ನಮ್ಮದು. ಸೈಟಿಗೆ ಮೂರು ಮನೆ ಅಂದಾಗ ಬುಲ್ಡೋಜರ್ ಬರುತ್ತೆ ಅಂತ ಬೀದಿ ಬೀದಿಯಲ್ಲಿ ಬೋರ್ಡ್ ನೆಟ್ಟಿದ್ದರು. ಆದದ್ದೇನು? ಮೂರು ಮನೆಯ ಕಟ್ಟಡಗಳು ಎದ್ದದ್ದು ಬಹಳ ಕಡಿಮೆ, ಯಾಕಂದರೆ ಕಟ್ಟಡದ ಗಾತ್ರದ ಮಿತಿ ಬಿಗಿಯಾಗಿಯೇ ಇತ್ತು. ಹೊಸ ಮನೆಗಳು ಬಹುಪಾಲು ಬಂದದ್ದು ಬಸ್ಸು, ರೈಲು ಓಡಾಡೋ ದೊಡ್ಡ ರಸ್ತೆಗಳ ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ. 2021ರಲ್ಲಿ ಕಡ್ಡಾಯ ಪಾರ್ಕಿಂಗ್ ನಿಯಮವನ್ನೇ ಊರಿಡೀ ತೆಗೆದರು, ಅದು ಮೂರು ಮನೆಯ ನಿಯಮಕ್ಕಿಂತ ಹೆಚ್ಚು ಕೆಲಸ ಮಾಡಿತು ಅನ್ನೋದು ನನ್ನ ಅಭಿಪ್ರಾಯ. ನಡುವೆ ಪರಿಸರ ಕಾನೂನಿನಡಿ ಮೊಕದ್ದಮೆ ನಡೆದು ಕೋರ್ಟು ಪ್ಲಾನನ್ನೇ ತಡೆದಿತ್ತು, 2024ರಲ್ಲಿ ರಾಜ್ಯ ಶಾಸಕಾಂಗ ಕಾನೂನು ತಿದ್ದಿ ದಾರಿ ಬಿಡಿಸಿತು.

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನವರು 2021ರಲ್ಲಿ ಜಾರಿಗೆ ತಂದ ನಿಯಮ ನೋಡಿ. ಅಲ್ಲಿ ಮನೆಗಳ ಸಂಖ್ಯೆ ಹೆಚ್ಚಿದಂತೆ ಎಫ್‌ಎಆರ್ ಕೂಡ ಸ್ವಲ್ಪ ಸ್ವಲ್ಪ ಹೆಚ್ಚುತ್ತೆ, ಒಂದೇ ದೊಡ್ಡ ಮನೆ ಕಟ್ಟೋರಿಗೆ ಕಡಿಮೆ. ನಿಮ್ಮ ಕರಡಿನಲ್ಲಿ ಹಾಗಿದೆಯಾ ಅಂತ ನೋಡ್ಕೊಳ್ಳಿ.

ಕೇಳಿದವರು, ಎರಡು ದಿನದ ನಂತರ:

ಕೋಷ್ಟಕ ಸಿಕ್ಕಿತು. ಕರಡಿನ 84ನೇ ಪುಟ, ಅನುಬಂಧದಲ್ಲಿ. ನಾಲ್ಕು ಮನೆ, ಎಫ್‌ಎಆರ್ 0.5, ಮನೆಗೆ ಎರಡು ಕಾರು. ನೀವು ಹೇಳಿದ ಅಂಕಿಗಳೇ! ಮರದ ಬಗ್ಗೆ ಒಂದು ಸಾಲೂ ಇಲ್ಲ. ಒಂದು ಪ್ರಶ್ನೆ: ಅರ್ಜಿಗೆ ಕಾನೂನಿನ ಬಲ ಏನಾದರೂ ಇದೆಯಾ, ಅಥವಾ ಬರೀ ಅಭಿಪ್ರಾಯವಾ?

ಮ್ಯಾಸಚೂಸೆಟ್ಸ್‌ನಿಂದ:

ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ರಾಜ್ಯಗಳಲ್ಲಿ ಪ್ರೊಟೆಸ್ಟ್ ಪಿಟಿಷನ್ ಅಂತ ಇದೆ: ಬಾಧಿತ ಜಾಗದ ಅಥವಾ ಅದರ ಅಕ್ಕಪಕ್ಕದ ನೆಲದ ನಿಗದಿತ ಪಾಲು, ಬಹಳ ಕಡೆ 20 ಪ್ರತಿಶತ, ಹೊಂದಿದವರು ಸಹಿ ಹಾಕಿದರೆ ಕೌನ್ಸಿಲ್‌ಗೆ ಸರಳ ಬಹುಮತ ಸಾಲೋದಿಲ್ಲ. ಅಂಥ ಅರ್ಜಿಯಾದರೆ ನಿಮ್ಮ ಸಹಿಗೆ ತೂಕ ಬಹಳ, ಯೋಚಿಸಿ ಹಾಕಿ. ಇಲ್ಲದಿದ್ದರೆ ಅದು ಬರೀ ಒಂದು ಪತ್ರ. ಅದರ ಜಾಗದಲ್ಲಿ ನಿಮ್ಮದೇ ಮಾತಿನ ಪತ್ರ ಬರೆಯೋದು ಮೇಲು.

ನಮ್ಮ ರಾಜ್ಯದಲ್ಲಿ 2021ರಲ್ಲಿ ಒಂದು ಕಾನೂನು ಬಂತು. ಬಾಸ್ಟನ್ ಸುತ್ತಲಿನ ಸಾರಿಗೆ ವ್ಯಾಪ್ತಿಯ 177 ಊರುಗಳು ಎಕರೆಗೆ ಕನಿಷ್ಠ 15 ಮನೆಗಳಿಗೆ, ಅದೂ ವಿಶೇಷ ಅನುಮತಿಯ ತಕರಾರಿಲ್ಲದೆ, ಒಂದು ವಲಯ ಗುರುತಿಸಬೇಕು. ಮಿಲ್ಟನ್ ಊರಿನವರು 2024ರ ಫೆಬ್ರವರಿಯಲ್ಲಿ ಜನಮತ ನಡೆಸಿ ಆ ವಲಯವನ್ನ ತಿರಸ್ಕರಿಸಿದರು. 2025ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಾನೂನು ಸಿಂಧು, ಊರುಗಳು ಪಾಲಿಸಲೇಬೇಕು ಅಂದಿತು. ಮಾರ್ಗಸೂಚಿ ಹೊರಡಿಸಿದ ಕ್ರಮ ಮಾತ್ರ ಸರಿಯಿಲ್ಲ, ಮತ್ತೆ ಮಾಡಿ ಅಂತ ಸರ್ಕಾರಕ್ಕೂ ಹೇಳಿತು. ನಿಮ್ಮ ಬೀದಿಯ ಪ್ರಸ್ತಾಪದ ಹಿಂದೆ ಇಂಥ ರಾಜ್ಯ ಕಾನೂನು ಇದೆಯಾ ತಿಳ್ಕೊಳ್ಳಿ. ಇದ್ದರೆ ಬೇಡ ಅನ್ನೋದಕ್ಕಿಂತ ಹೀಗಿರಲಿ ಅನ್ನೋ ಮಾತಿಗೆ ಬೆಲೆ ಹೆಚ್ಚು.

ತೆರಿಗೆ ವಿಷಯ ನಿಮ್ಮ ಊರಿನ ಆಸ್ತಿ ಬೆಲೆ ಕಟ್ಟೋ ಅಸೆಸರ್ ಕಚೇರಿಯಲ್ಲೇ ಕೇಳಿ, ಪ್ರತಿ ರಾಜ್ಯದ ಪದ್ಧತಿ ಬೇರೆ. ಮನೆಯ ಕ್ರಯಪತ್ರವನ್ನೂ ಒಮ್ಮೆ ಓದಿ. ನಗರ ನಾಲ್ಕು ಮನೆ ಬಿಟ್ಟರೂ ಹಳೇ ಬಡಾವಣೆಯ ಖಾಸಗಿ ಷರತ್ತು ಒಂದೇ ಅಂತ ಇರಬಹುದು.

ನ್ಯೂಜೆರ್ಸಿಯಿಂದ:

ಚಹರೆ ಅನ್ನೋ ಪದದ ಬಗ್ಗೆ ಒಂದು ಮಾತು ಹೇಳದೆ ಇರೋಕಾಗಲ್ಲ. ಝೋನಿಂಗ್ ಸಂವಿಧಾನಬದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1926ರಲ್ಲಿ, ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಅನ್ನೋ ಉಪನಗರದ ಮೊಕದ್ದಮೆಯಲ್ಲಿ. ಮನೆಗಳ ಬೀದಿಗೆ ಬರೋ ಅಪಾರ್ಟ್‌ಮೆಂಟ್ ಬಹಳ ಸಲ ಬರೀ ಪರಾವಲಂಬಿ ಅಂತ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಆ ತೀರ್ಪಿನಲ್ಲೇ ಬರೆದಿದ್ದಾರೆ. ಅದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ಈ ದೇಶಕ್ಕೆ ಬಂದು ಹನ್ನೊಂದು ವರ್ಷ ನಾನು ಇದ್ದದ್ದು ಅಂಥ ಅಪಾರ್ಟ್‌ಮೆಂಟಿನಲ್ಲೇ.

ನಮ್ಮ ರಾಜ್ಯದ ಮೌಂಟ್ ಲಾರೆಲ್‌ನಲ್ಲಿ ತಲೆಮಾರುಗಳಿಂದ ಇದ್ದ ಕಪ್ಪು ಜನಾಂಗದ ಕುಟುಂಬಗಳಿಗೆ ಅಲ್ಲೇ ಕೈಗೆಟಕುವ ಮನೆ ಕಟ್ಟೋಕೆ ಝೋನಿಂಗ್ ಬಿಡಲಿಲ್ಲ. ಎಥೆಲ್ ಲಾರೆನ್ಸ್ ಅನ್ನೋ ಮಹಿಳೆ ಮುಂದೆ ನಿಂತು ಹೋರಾಡಿದರು. ಬೆಳೀತಿರೋ ಪ್ರತಿ ಊರೂ ಕಡಿಮೆ ಆದಾಯದವರ ಮನೆಗಳಿಗೆ ತನ್ನ ಪಾಲಿನ ಅವಕಾಶ ಮಾಡಿಕೊಡಬೇಕು ಅಂತ 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೂ ಅವರ ಹೆಸರಿನ 140 ಮನೆಗಳು ಬರೋಕೆ ಇನ್ನೂ ಸುಮಾರು 25 ವರ್ಷ ಹಿಡಿಯಿತು, ಅಷ್ಟರಲ್ಲಿ ಅವರೇ ತೀರಿಹೋಗಿದ್ದರು. ಆಮೇಲೆ ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ತಂಡ ಅಧ್ಯಯನ ಮಾಡಿದಾಗ ಸುತ್ತಲಿನ ಅಪರಾಧ, ಆಸ್ತಿ ಬೆಲೆ, ತೆರಿಗೆ ಯಾವುದರಲ್ಲೂ ಅದರಿಂದಾದ ಕೆಡುಕು ಕಾಣಲಿಲ್ಲ. ಪಕ್ಕದ ಬಡಾವಣೆಯ ಎಷ್ಟೋ ಜನರಿಗೆ ಅಲ್ಲಿ ಅಂಥ ಮನೆಗಳಿವೆ ಅನ್ನೋದೇ ಗೊತ್ತಿರಲಿಲ್ಲ.

ಬಾಡಿಗೆ ಮನೆಯಿಂದ:

ಮೇಡಂ, ನಮ್ಮ ಊರಲ್ಲಿ ಹಿಯರಿಂಗ್ ನೋಟಿಸ್ 300 ಅಡಿಯೊಳಗಿನ ಮಾಲೀಕರಿಗೆ ಮಾತ್ರ ಅಂಚೆಯಲ್ಲಿ ಬರುತ್ತೆ. ಅದೇ ಬೀದಿಯಲ್ಲಿ ಬಾಡಿಗೆಗಿರೋ ನಮಗೆ ಬರಲಿಲ್ಲ, ಕಂಬಕ್ಕೆ ಅಂಟಿಸಿದ್ದು ನೋಡಿ ಹೋದೆ. ಮಂಗಳವಾರ ಸಂಜೆ ಆರಕ್ಕೆ ಸಭೆ, ನನ್ನ ಸರದಿ ಬಂದಾಗ ಹತ್ತೂವರೆ, ಮಾತಾಡೋಕೆ ಮೂರು ನಿಮಿಷ. ಆ ಟೀಚರ್ ಬರೋಕಾಗಲ್ಲ. ಅವರು ಒಪ್ಪಿದರೆ ಅವರ ಪತ್ರವನ್ನ ನಿಮ್ಮದರ ಜೊತೆ ಕಳಿಸಿ. ಹಿಯರಿಂಗ್‌ಗೆ ವಾರ ಮುಂಚೆ ಕಳಿಸಿದರೆ ಕಮಿಷನರುಗಳ ಕಡತದಲ್ಲಿ ಸೇರುತ್ತೆ, ಅವತ್ತೇ ಕೊಟ್ಟರೆ ಓದೋಕೆ ಯಾರಿಗೂ ಪುರುಸೊತ್ತಿರಲ್ಲ.

ಕೇಳಿದವರು, ಭಾನುವಾರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೇಪ್ ತಂದೆ. ಒಬ್ಬಳಿಗೇ ಹಿಡಿಯೋಕಾಗದೆ ಒದ್ದಾಡ್ತಿದ್ದಾಗ ಅರ್ಜಿ ತಂದಿದ್ದ ಎದುರು ಮನೆಯವರೇ ಬಂದು ಇನ್ನೊಂದು ತುದಿ ಹಿಡಿದರು. ನಮ್ಮದು 58ಕ್ಕೆ 115. ಎಂಟು ಕಾರಿನ ಲೆಕ್ಕ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡ್ತಾ ನಿಂತರು. ಅವರಿಗೆ ನಾಲ್ಕು ಮನೆ ಈಗಲೂ ಇಷ್ಟ ಇಲ್ಲ. ಆದರೆ ಹಿತ್ತಲೆಲ್ಲ ಡಾಂಬರಾಗೋದು ಅದಕ್ಕಿಂತ ಇಷ್ಟ ಇಲ್ಲ.

ಅರ್ಜಿಗೆ ಸಹಿ ಹಾಕಲಿಲ್ಲ. ನಾನು ಬೇರೆ ಪತ್ರ ಬರೆದಿದ್ದೀನಿ: ಮನೆಗೆ ಒಂದು ಕಾರು, ನೆಲ ಮುಚ್ಚೋದಕ್ಕೆ ಮಿತಿ, ಪಕ್ಕದ ಸೈಟಿನ ಮರದ ಬೇರಿಗೆ ರಕ್ಷಣೆ. ಕೊನೇ ಎರಡಕ್ಕೆ ಅವರೂ ಸಹಿ ಹಾಕ್ತಾರಂತೆ. ಟೀಚರ್ ಪತ್ರ ಬುಧವಾರ ಸಿಗುತ್ತೆ.

ಮೇಪಲ್ ಮರದ ಬಗ್ಗೆ ಬರೆದವರಿಗೆ: ಪಾಯ ತೋಡೋಕೆ ಮುಂಚೆ ಮರದ ತಜ್ಞರ ವರದಿ ಕಡ್ಡಾಯ ಮಾಡಿ ಅಂತ ಕೇಳಬೇಕು ಅಂದ್ಕೊಂಡಿದ್ದೀನಿ. ಆ ವರದಿಯ ಖರ್ಚು ಯಾರ ಮೇಲೆ ಬೀಳಬೇಕು ಅಂತ ಬರೀಲಿ?