ಆರು ತಿಂಗಳಾಯ್ತು, ಇನ್ನೂ ಸಿಯು ನಿಮ್ ಟಾವ್‌ನಲ್ಲೇ ನಿಂತಿದ್ದೇನೆ

ಪ್ರಶ್ನೆ (ಸುರತ್ಕಲ್‌ನಿಂದ)

ಚೀನಾದ ಕುಂಗ್ ಫೂ ಪದ್ಧತಿ ವಿಂಗ್ ಚುನ್ ಕಲಿಯಲಿಕ್ಕೆ ಸೇರಿ ಆರು ತಿಂಗಳು. ವಾರಕ್ಕೆ ಮೂರು ಸಂಜೆ. ಈಗಲೂ ನಿಂತಲ್ಲೇ ನಿಂತು ಅದರ ಮೊದಲ ಕೈವರಸೆ ಸಿಯು ನಿಮ್ ಟಾವ್, ಆ ವರಸೆಯ ಮೊದಲ ಭಾಗಕ್ಕೇ ಹತ್ತು ನಿಮಿಷ. ಮೇಲಿನ ಮಾಳಿಗೆಯಲ್ಲಿ ಕರಾಟೆ ಹುಡುಗರು ಒದೆಯುವ ಸದ್ದು ಕೇಳ್ತಾ ಇರ್ತದೆ. ಜೊತೆಗೆ ಬಲ ಮೊಣಕಾಲಿನ ಒಳಬದಿ ನೋವು. ಒಂದು ಹೆಜ್ಜೆ ಕೂಡ ಹಾಕದೆ ಇದರಲ್ಲಿ ಕಲಿಯಲಿಕ್ಕೆ ಎಂತ ಉಂಟು? ಬಿಟ್ಟುಬಿಡಲಾ?

ಉತ್ತರ 1 (ಮಲ್ಪೆಯಿಂದ)

ಬಿಡಬೇಡಿ ಮಾರಾಯ್ರೆ. ಮೊದಲು ಮೊಣಕಾಲಿನ ವಿಷಯ. ಆಡೊಂದನ್ನು ತೊಡೆಗಳ ನಡುವೆ ಹಿಡಿದ ಹಾಗೆ ನಿಲ್ಲಬೇಕು ಅಂತ ನಿಮಗೂ ಹೇಳಿರ್ತಾರೆ. ನಾನು ಮೊದಲು ಕಲಿತ ಕಡೆ ಮೊಣಕಾಲನ್ನೇ ಬಲವಂತವಾಗಿ ಒಳಗೆ ತಿರುಗಿಸ್ತಿದ್ದರು. ನಾಲ್ಕು ತಿಂಗಳು ಮೆಟ್ಟಿಲು ಇಳಿಯುವಾಗ ಕಟಕಟ. ತಿರುಗಬೇಕಾದ್ದು ಸೊಂಟದ ಕೀಲಿನಿಂದ, ಮೊಣಕಾಲು ಪಾದದ ಬೆರಳು ತೋರಿಸಿದ ದಿಕ್ಕಿಗೇ ಇರಬೇಕು. ನೋವು ಹೋಗುವವರೆಗೆ ಕಡಿಮೆ ಬಗ್ಗಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಕೈ. ನಾನು ಬಂದರಿನಲ್ಲಿ ಐಸ್ ಪೆಟ್ಟಿಗೆ ಎತ್ತುವವ. ಭಾರ ಅಂದರೆ ನನ್ನ ಭುಜ ತಾನಾಗಿ ಮೇಲೆ ಏಳ್ತದೆ. ತಾನ್ ಸಾವ್‌ನಲ್ಲಿ ಅಂಗೈ ಮೇಲೆ ಮಾಡಿ ಕೈಯನ್ನು ಎದೆಯ ನಡುಗೆರೆಯ ಮೇಲೆ ಮುಂದೆ ತಳ್ತೇವಲ್ಲ, ಮೊಣಕೈ ದೇಹದಿಂದ ಒಂದು ಮುಷ್ಟಿಯ ದೂರಕ್ಕೆ ಬಂದು ನಿಲ್ಲುವಷ್ಟು. ಆಗ ನನ್ನ ಮೊಣಕೈ ಹೊರಗೆ ಜಾರ್ತಿತ್ತು, ಭುಜ ಕಿವಿಯ ಕಡೆ ಹೋಗ್ತಿತ್ತು. ಕೊನೆಗೆ ಬೈರಾಸನ್ನು ದಪ್ಪಕ್ಕೆ ಮಡಚಿ ಭುಜದ ಮೇಲೆ ಇಟ್ಟುಕೊಂಡೆ. ಭುಜ ಎದ್ದ ಕೂಡಲೇ ಅದು ಕೆನ್ನೆಗೆ ತಾಗ್ತದೆ. ಇಡೀ ಒಂದು ಮಳೆಗಾಲ, ಅಂಗಳ ಪಾಚಿಗಟ್ಟಿದ್ದರಿಂದ ಚಾವಡಿಯಲ್ಲೇ, ಅಷ್ಟೇ ಮಾಡಿದೆ.

ಆ ನಿಧಾನ ಇರುವುದು ಇದಕ್ಕೇ. ಒಂದು ಸಲ ತಾನ್, ಮತ್ತೆ ಮೂರು ಸಲ ಫೂಕ್ ಸಾವ್, ಅಂದರೆ ಮಣಿಕಟ್ಟು ಬಗ್ಗಿಸಿ ಅದೇ ನಡುಗೆರೆಯಲ್ಲಿ ಕೈ ಮುಂದೆ ತರುವುದು. ಬೇಗ ಮಾಡಿದರೆ ಭುಜ ಕಳ್ಳತನ ಮಾಡಿದ್ದು ಗೊತ್ತೇ ಆಗುವುದಿಲ್ಲ. ನಾಳೆ ಗುದ್ದುವಾಗಲೂ ಮುಷ್ಟಿಯ ಹಿಂದೆ ಇರಬೇಕಾದ್ದು ಇದೇ ಮೊಣಕೈ. ಹೊರಗೆ ಹೋದರೆ ನಡುಗೆರೆ ಎದುರಾಳಿಯದ್ದಾಯ್ತು. ವಿಂಗ್ ಚುನ್‌ನ ಹೆಸರಾಂತ ಗುರು ಯಿಪ್ ಮ್ಯಾನ್ 1972ರಲ್ಲಿ, ತೀರಿಕೊಂಡ ವರ್ಷವೇ, ಸಿಯು ನಿಮ್ ಟಾವ್ ಮಾಡಿದ ಚಿತ್ರೀಕರಣ ಉಂಟು. ಚೀನಾದ ಫೋಶಾನ್‌ನಲ್ಲಿ ಬಾಲ್ಯದಲ್ಲಿ ಕಲಿತದ್ದನ್ನು ಆ ವಯಸ್ಸಿನಲ್ಲೂ ಮಾಡ್ತಿದ್ದರು. ಅವರ ಭುಜ ಮಾತ್ರ ನೋಡಿ.

ಉತ್ತರ 2 (ಮಣಿಪಾಲದಿಂದ)

ಮೊಣಕೈ ಮಾತು ಒಪ್ಪಿದೆ. ಆದರೆ ಆರು ತಿಂಗಳು ಒಬ್ಬರನ್ನೂ ಮುಟ್ಟದೆ ಇರುವುದು ನನಗೆ ಸರಿ ಕಾಣುವುದಿಲ್ಲ. ಮುಂಗೈಗೆ ಮುಂಗೈ ತಾಗಿಸಿ ತಿರುಗಿಸುವ ಚಿ ಸಾವ್ ಇಲ್ಲದೆ ಇನ್ನೊಬ್ಬರ ಒತ್ತಡ ಎಲ್ಲಿಂದ ಬರ್ತದೆ, ಯಾವಾಗ ಖಾಲಿ ಆಗ್ತದೆ ಅಂತ ಚರ್ಮಕ್ಕೆ ಗೊತ್ತಾಗುವುದಿಲ್ಲ. ಒಂದು ಕೈಯ ಚಿ ಸಾವ್ ಆದರೂ ಶುರು ಮಾಡಿಸಿ ಅಂತ ಗುರುಗಳನ್ನು ಕೇಳಿ. ಕೇಳಿದರೆ ತಪ್ಪಲ್ಲ.

ಉತ್ತರ 3 (ಮಲ್ಪೆಯಿಂದ, ಮತ್ತೆ)

ಹೌದು, ಅದು ಬೇಕೇ ಬೇಕು. ಅಲ್ಲಿಯವರೆಗೆ ಮನೆಯಲ್ಲಿ ಹೀಗೆ ಮಾಡಿ: ತಾನ್ ಸಾವ್ ಇಟ್ಟು ನಿಲ್ಲಿ, ಯಾರಾದರೂ ಮಣಿಕಟ್ಟನ್ನು ನಿಮ್ಮ ಎದೆಯ ಕಡೆ ಮೆಲ್ಲ ತಳ್ಳಲಿ. ಮೊಣಕೈ ಕೂತಿದ್ದರೆ ಆ ಒತ್ತಡ ಹಿಮ್ಮಡಿಗೆ ಇಳಿದದ್ದು ಗೊತ್ತಾಗ್ತದೆ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ತಮ್ಮನ ಹತ್ರ ತಳ್ಳಿಸಿದೆ. ಎಡಗೈ ನಿಂತಿತು, ಹಿಮ್ಮಡಿ ನೆಲಕ್ಕೆ ಒತ್ತಿದ ಹಾಗಾಯ್ತು. ಬಲಗೈಗೆ ಬೈರಾಸು ಮೂರು ಸಲ ಕೆನ್ನೆಗೆ ತಾಗಿತು. ನೋವಿರುವ ಮೊಣಕಾಲೂ ಬಲದ್ದೇ. ಶುಕ್ರವಾರ ಕ್ಲಾಸಿಗೆ ಹೋಗಿ ಗುರುಗಳಿಗೆ ಎರಡನ್ನೂ ತೋರಿಸ್ತೇನೆ, ಚಿ ಸಾವ್ ಬಗ್ಗೆಯೂ ಕೇಳ್ತೇನೆ.