ತಮ್ಮ ಟಾಂಜಾನಿಯಾ ಮಿಷನ್‌ಗೆ ಹೊರಟಿದ್ದಾನೆ, ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ಅನುಭವ ಇದ್ದವರು ಹೇಳಿ

ಕರಾವಳಿ_ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರು ಕಡೆಯ ಕಥೋಲಿಕರು. ನನ್ನ ತಮ್ಮ ಪಿಯುಸಿ ಮುಗಿಸಿ ಒಂದು ಮಿಷನರಿ ಸಭೆ ಸೇರಿದ. ಪಾದ್ರಿಯಾಗುವ ಓದಿನಲ್ಲಿ ಈಗ ಫಿಲಾಸಫಿ ಮುಗಿದಿದೆ. ಥಿಯಾಲಜಿ ಶುರುವಾಗುವ ಮುಂಚೆ ಎರಡು ವರ್ಷ ಟಾಂಜಾನಿಯಾಕ್ಕೆ ಕಳಿಸುತ್ತಾರಂತೆ. ಯಾರೂ ಬಲವಂತ ಮಾಡಿದ್ದಲ್ಲ, ಅವನೇ ಅರ್ಜಿ ಕೊಟ್ಟಿದ್ದು. ಮುಂದೆ ಗುರುದೀಕ್ಷೆ ಆದ ಮೇಲೂ ಅಲ್ಲೇ ಇರಬೇಕು ಅನ್ನುವುದು ಅವನ ಆಸೆ.

ಅಪ್ಪ ಅವನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅಮ್ಮ ಇಗರ್ಜಿಯಲ್ಲಿ ಎಲ್ಲರ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಮನೆಗೆ ಬಂದು ಜಪಸರ ಹೇಳುವಾಗ ಅಳುತ್ತಾರೆ. "ಇಲ್ಲಿ ಬಡವರಿಲ್ವಾ? ರಾಯಚೂರಿಗೆ ಹೋಗಲಿ, ಬೀದರ್‌ಗೆ ಹೋಗಲಿ, ಏನಾದರೂ ಆದರೆ ರಾತ್ರಿ ಬಸ್ಸು ಹತ್ತಿ ಬರಬಹುದು" ಅನ್ನುವುದು ಅಪ್ಪನ ವಾದ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸುತ್ತದೆ. ಇರುವುದು ನಾವಿಬ್ಬರೇ ಮಕ್ಕಳು.

ಇದು ನಿಜವಾದ ದೈವಕರೆಯೋ ಅಥವಾ ಆ ವಯಸ್ಸಿನ ಹುಮ್ಮಸ್ಸೋ, ತಿಳಿಯುವುದು ಹೇಗೆ? ಅಲ್ಲಿ ದಿನ ಹೇಗೆ ಕಳೆಯುತ್ತದೆ? ಮಿಷನ್ ಭಾನುವಾರದ ಪ್ರಸಂಗದಲ್ಲಿ ಕೇಳುವುದೆಲ್ಲ ಕೇಳಿದ್ದೇವೆ. ಹೋಗಿ ಬಂದವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ದೊಡ್ಡ ಉಪಕಾರ.

ಹಳೆಯ_ಸಿಸ್ಟರ್

ನಾನು ಧರ್ಮಭಗಿನಿ, ಕೆಲಸದಲ್ಲಿ ನರ್ಸ್. ಟಾಂಜಾನಿಯಾದ ಒಳನಾಡಿನ ಒಂದು ಹಳ್ಳಿಯ ಡಿಸ್ಪೆನ್ಸರಿಯಲ್ಲಿ ಬಹಳ ವರ್ಷ ಇದ್ದೆ. ಈಗ ವಯಸ್ಸಾಯಿತು, ಊರಲ್ಲಿದ್ದೇನೆ. ನಿಮ್ಮ ಅಮ್ಮನ ಅಳು ನನಗೆ ಗೊತ್ತು. ನನ್ನ ಅಮ್ಮನೂ ಹಾಗೇ ಅತ್ತವರು.

ಜನ ಮೊದಲು ಕೇಳುವುದು ಮಲೇರಿಯಾ ಬರುತ್ತದಾ, ಹಾವು ಇದೆಯಾ, ಊಟ ಏನು ಅಂತ. ಮಲೇರಿಯಾ ಬರುತ್ತದೆ, ಮಾತ್ರೆ ತಗೊಂಡು ಮಲಗಬೇಕು. ಊಟ ಉಗಾಲಿ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಜೊತೆಗೆ ಸೊಪ್ಪು ಅಥವಾ ಬೀನ್ಸ್. ರಾಗಿಮುದ್ದೆ ತಿನ್ನುವವರ ನಾಡಿನಿಂದ ಹೋದವರಿಗೆ ಅದೇನೂ ದೊಡ್ಡ ಕಷ್ಟವಲ್ಲ. ದೇಹ ಇವನ್ನೆಲ್ಲ ಕಲಿತುಕೊಳ್ಳುತ್ತದೆ.

ಕಷ್ಟ ಇರುವುದು ಮಾತಿನಲ್ಲಿ. ಇಲ್ಲಿ ಒಂದು ವಾರ್ಡು ನಡೆಸುತ್ತಿದ್ದವಳು ಅಲ್ಲಿ ಇಳಿದ ಕೂಡಲೇ ಉಪ್ಪು ಕೇಳಲೂ ಬಾರದವಳಾಗುತ್ತಾಳೆ. ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಪದದ ತಲೆ ಬದಲಾಗುತ್ತದೆ: ಒಂದು ಮಗು ಮ್ತೋತೊ, ಮಕ್ಕಳಾದರೆ ವತೋತೊ. ಅದರ ಹಿಂದೆ ಬರುವ ಪದಗಳೂ ಅದಕ್ಕೆ ತಕ್ಕ ಹಾಗೆ ಬದಲಾಗಬೇಕು. ಗಂಟೆ ಎಣಿಸುವುದೂ ಬೇರೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಸೈಕಲ್ ಕ್ಯಾರಿಯರ್ ಮೇಲೆ ಒಬ್ಬ ತುಂಬು ಗರ್ಭಿಣಿಯನ್ನು ಕರೆದುಕೊಂಡು ಬರುತ್ತಾರೆ, ನೋವು ಯಾವಾಗ ಶುರುವಾಯಿತು ಅಂತ ಕೇಳಿದರೆ ಎರಡು ಗಂಟೆಗೆ ಅನ್ನುತ್ತಾಳೆ. ಅದು ಎಂಟು ಗಂಟೆ. ಹೆರಿಗೆಯಲ್ಲಿ ಆರು ಗಂಟೆಯ ವ್ಯತ್ಯಾಸ ಅಂದರೆ ತಾಯಿ ಮಗುವಿನ ಜೀವದ ಪ್ರಶ್ನೆ. ನನ್ನ ಜೊತೆ ಅಲ್ಲಿನ ಒಬ್ಬ ಸೂಲಗಿತ್ತಿ ಇದ್ದಳು, ಶಾಲೆಗೆ ಹೋದವಳಲ್ಲ, ಮೊದಲ ದಿನಗಳಲ್ಲಿ ಪ್ರತಿ ಸಲ ನನ್ನ ಕೈ ಹಿಡಿದು ಆಕಾಶದಲ್ಲಿ ಸೂರ್ಯ ಎಲ್ಲಿದ್ದ ಅಂತ ಬೆರಳು ತೋರಿಸಿ ಹೇಳುತ್ತಿದ್ದಳು. ನಾನು ಕಲಿಸಲು ಹೋದವಳು, ಎರಡು ವರ್ಷ ಬರೀ ಕಲಿತೆ. ನಿಮ್ಮ ತಮ್ಮನಿಗೂ ಹಾಗೇ ಆಗುತ್ತದೆ. ಹಾಗೆ ಏನೂ ಬಾರದವನಾಗಿ ಸಣ್ಣವನಾಗುವುದನ್ನು ಸಂತೋಷದಿಂದ ತಡೆದುಕೊಳ್ಳಲು ಆಗುತ್ತದಾ ಅಂತ ನೋಡಿ, ದೈವಕರೆಯ ಬಗ್ಗೆ ನನಗೆ ಗೊತ್ತಿರುವ ಒಳ್ಳೆಯ ಪರೀಕ್ಷೆ ಅದೇ. ಹುಮ್ಮಸ್ಸು ಆರು ತಿಂಗಳಲ್ಲಿ ಇಳಿದು ಹೋಗುತ್ತದೆ, ಅದಾದ ಮೇಲೂ ಬೆಳಿಗ್ಗೆ ಎದ್ದು ಆ ಜನರ ಮುಖ ನೋಡಬೇಕು ಅನಿಸಿದರೆ ಅದು ಕರೆ.

ಇನ್ನೊಂದು ವಿಷಯ ಬರೆಯುವುದು ಕಷ್ಟ, ಆದರೂ ಕೇಳಿದ್ದೀರಿ. ನನ್ನ ಅಮ್ಮ ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಇಲ್ಲಿ ಮಣ್ಣು ಮಾಡಿ ಆಗಿತ್ತು. ಆಗ ಮೊಬೈಲು ಇರಲಿಲ್ಲ. ದಾರ್ ಎಸ್ ಸಲಾಮ್ ತಲುಪುವುದಕ್ಕೇ ದಿನಗಟ್ಟಲೆ ಬೇಕಿತ್ತು. ಆ ಸಂಜೆ ಹಳ್ಳಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು, ತಲೆ ಮೇಲೆ ಸೌದೆ, ಕೈಯಲ್ಲಿ ಹಿಟ್ಟಿನ ಗಂಟು. ಸಾವಿನ ಮನೆಯಲ್ಲಿ ಅಡುಗೆ ಮಾಡಬಾರದು, ತಾವೇ ಮಾಡಿ ಬಡಿಸುತ್ತೇವೆ ಅಂದರು. ಸತ್ತದ್ದು ಇಲ್ಲಿ, ಸಾವಿನ ಮನೆ ಅಲ್ಲಿ. ರಾತ್ರಿಯೂ ಹೋಗಲಿಲ್ಲ, ಕಾನ್ವೆಂಟಿನ ಜಗುಲಿಯಲ್ಲೇ ಕಾಂಗಾ ಬಟ್ಟೆ ಹೊದ್ದು ಮಲಗಿದರು. ನನ್ನ ಅಮ್ಮನ ಹೆಸರು ಕೇಳಿಕೊಂಡು ಅವರ ಧಾಟಿಯಲ್ಲೇ ಹಾಡಿದರು. ನಾನು ಅಮ್ಮನನ್ನು ಕೊನೆಯ ಸಲ ನೋಡಲಿಲ್ಲ ಅನ್ನುವ ನೋವು ಇವತ್ತಿಗೂ ಹೋಗಿಲ್ಲ, ಹೋಗುವುದೂ ಇಲ್ಲ. ಅದನ್ನು ತ್ಯಾಗ ಅಂತ ದೊಡ್ಡದಾಗಿ ಹೇಳುವುದು ನನಗೆ ಇಷ್ಟವಿಲ್ಲ, ಯಾಕೆಂದರೆ ಅದರಲ್ಲಿ ಅರ್ಧ ತ್ಯಾಗ ಅಮ್ಮನದು, ಅವರನ್ನು ಯಾರೂ ಕೇಳಿರಲಿಲ್ಲ. ನಿಮ್ಮ ಅಪ್ಪನನ್ನು ಯಾರಾದರೂ ಕೇಳಿದ್ದಾರಾ? ತಮ್ಮ ಕೂತು ಕೇಳಲಿ.

"ಇಲ್ಲಿ ಬಡವರಿಲ್ವಾ" ಅನ್ನುವುದು ಸರಿಯಾದ ಪ್ರಶ್ನೆ. ಬಡವರಿಗೆ ಸಹಾಯ ಮಾಡುವುದೊಂದೇ ಆಗಿದ್ದರೆ ಬೀದರ್ ಸಾಕು. ಆದರೆ ಟಾಂಜಾನಿಯಾದ ಕ್ರೈಸ್ತ ಸಭೆ ಈಗ ನಮ್ಮ ಕೈಯಿಂದ ಅನ್ನ ತಿನ್ನುವ ಸಭೆ ಅಲ್ಲ. ಆಫ್ರಿಕಾ ಮೂಲದವರಲ್ಲಿ ಈ ಕಾಲದ ಮೊದಲ ಕಾರ್ಡಿನಲ್ (ಪೋಪ್ ನಂತರದ ದೊಡ್ಡ ಪದವಿ), ಲೌರಿಯನ್ ರುಗಾಂಬ್ವಾ, ಆ ದೇಶದವರು, 1960ರಲ್ಲೇ ಆದವರು. ನಿಮ್ಮ ತಮ್ಮ ಅಲ್ಲಿನ ಬಿಷಪ್ ಕೈಕೆಳಗೆ, ಬಹುಶಃ ಅಲ್ಲಿನವರೇ ಆದ ಪಾದ್ರಿಯ ಕೈಕೆಳಗೆ ಕೆಲಸ ಮಾಡುತ್ತಾನೆ. ಅವರನ್ನು ಉದ್ಧಾರ ಮಾಡಲು ಹೋಗುತ್ತೇನೆ ಅಂತ ಅವನ ಮನಸ್ಸಲ್ಲಿ ಇದ್ದರೆ ಈಗಲೇ ಬಿಡಿಸಿ. ಅವರೊಂದಿಗೆ ಇರಲು ಹೋಗುತ್ತೇನೆ ಅಂದರೆ ಹೋಗಲಿ.

ಕಂಕನಾಡಿ_ಓದುಗ

ಸಿಸ್ಟರ್ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಎಲ್ಲೂ ಹೋದವನಲ್ಲ, ಹಳೆಯ ಮಿಷನ್ ಇತಿಹಾಸ ಓದುವ ಆಸಕ್ತಿ ಅಷ್ಟೇ.

ನಿಮ್ಮ ಅಪ್ಪನ ಪ್ರಶ್ನೆಯನ್ನು ಇಟಲಿಯ ಎಷ್ಟು ಅಪ್ಪಂದಿರು ಕೇಳಿರಬಹುದು ಅಂತ ಯೋಚಿಸಿ. 1878ರ ಡಿಸೆಂಬರ್ 31ರಂದು ಜೆಸುಯಿಟ್ ಪಾದ್ರಿಗಳು ಮಂಗಳೂರಿಗೆ ಬಂದು ಇಳಿದರು. ಅವರಲ್ಲಿ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಮಾಡಿದರು, 1910ರಲ್ಲಿ ಇಲ್ಲೇ ತೀರಿಕೊಂಡರು. ನಾವು ಇವತ್ತಿಗೂ ಮೈ ಹುಷಾರಿಲ್ಲ ಅಂದರೆ ಅವರ ಹೆಸರಿನ ಆಸ್ಪತ್ರೆಗೇ ಓಡುತ್ತೇವೆ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಳಿಗೆ ತುಂಬಾ ಚಿತ್ರ ಬಿಡಿಸಿದ ಬ್ರದರ್ ಮೊಸ್ಕೇನಿ ಇಟಲಿಯ ಬೆರ್ಗಾಮೊ ಹತ್ತಿರದವರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಆಗ ಅವರಿಗೆ 51 ವರ್ಷ. ಇಟಲಿಯಲ್ಲೂ ಗೋಡೆಗಳಿದ್ದವು, ಜರ್ಮನಿಯಲ್ಲೂ ರೋಗಿಗಳಿದ್ದರು. ಅವರು ಆ ಲೆಕ್ಕ ಹಾಕಿದ್ದರೆ ನಮ್ಮ ಊರಿಗೆ ಯಾರೂ ಬರುತ್ತಿರಲಿಲ್ಲ.

ಮನೆಯವರ ನೋವಿನ ಬಗ್ಗೆ ಹೇಳುವುದಾದರೆ ಫಾದರ್ ಡೇಮಿಯನ್ ಅವರ ಕಥೆ ನೋಡಿ. ಬೆಲ್ಜಿಯಂನ ಟ್ರೆಮೆಲೊ ಊರಿನವರು, 1840ರಲ್ಲಿ ಹುಟ್ಟಿದವರು. ಹವಾಯಿಗೆ ಹೋಗಬೇಕಾಗಿದ್ದದ್ದು ಅವರ ಅಣ್ಣ. ಅಣ್ಣನಿಗೆ ಟೈಫಸ್ ಜ್ವರ ಬಂತು, ತಮ್ಮ ತಾನು ಹೋಗುತ್ತೇನೆ ಅಂತ ನಿಂತ. 1863ರಲ್ಲಿ ಹಡಗು ಹತ್ತಿದವರು ಮತ್ತೆ ಮನೆ ನೋಡಲಿಲ್ಲ. 1873ರ ಮೇ 10ರಂದು ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳನ್ನು ತಂದು ಬಿಡುತ್ತಿದ್ದ ಜಾಗಕ್ಕೆ ಹೋದರು. ಮೊದಲ ರಾತ್ರಿಗಳು ಇಗರ್ಜಿ ಪಕ್ಕದ ಒಂದು ಮರದ ಕೆಳಗೆ ಕಳೆದವು. ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು, ಮನೆ ಕಟ್ಟಿದರು, ನೀರಿನ ಪೈಪ್ ಹಾಕಿಸಿದರು. 1884ರ ಡಿಸೆಂಬರ್‌ನಲ್ಲಿ ಕುದಿಯುವ ನೀರು ಕಾಲಿಗೆ ತಾಗಿ ಬೊಬ್ಬೆ ಎದ್ದರೂ ನೋವಾಗಲಿಲ್ಲ. ಆಗ ಗೊತ್ತಾಯಿತು, ರೋಗ ತನಗೂ ಅಂಟಿದೆ. 1889ರಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. ಅವರ ತಾಯಿ 1886ರಲ್ಲಿ ಸತ್ತದ್ದು, ಮಗನಿಗೆ ಕುಷ್ಠ ಬಂದಿದೆ ಅನ್ನುವ ಸುದ್ದಿ ಬೆಲ್ಜಿಯಂ ತಲುಪಿದ ಮೇಲೆ. ಸಂತ ಪದವಿ ಮಗನಿಗೆ ಸಿಕ್ಕಿತು, 2009ರಲ್ಲಿ. ತಾಯಿಗೆ ಸಿಕ್ಕಿದ್ದು ಆ ಸುದ್ದಿ. ಹೆತ್ತವರ ಪಾಲು ಎಷ್ಟು ಅಂತ ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ.

ಟಾಂಜಾನಿಯಾಕ್ಕೆ ಹೋದ ಮೇಲೆ ತಮ್ಮ ಒಮ್ಮೆ ಬಗಮೋಯೊ ನೋಡಲಿ. ಹಿಂದೂ ಮಹಾಸಾಗರದ ದಂಡೆಯ ಊರು, 1868ರಲ್ಲಿ ಹೋಲಿ ಗೋಸ್ಟ್ ಸಭೆಯ ಪಾದ್ರಿಗಳು ಅಲ್ಲಿ ಮಿಷನ್ ಶುರು ಮಾಡಿ, ಬಿಡುಗಡೆಯಾದ ಗುಲಾಮರಿಗೆ ಮನೆ, ಹೊಲ ಮಾಡಿಕೊಟ್ಟರು. ಅಲ್ಲಿನ ಮಿಷನರಿಗಳ ಸ್ಮಶಾನದಲ್ಲಿ ಎಳೆ ವಯಸ್ಸಿಗೆ ಜ್ವರ ಬಂದು ಸತ್ತವರ ಸಮಾಧಿಗಳಿವೆ. ಅವನ ವಯಸ್ಸಿನವರೇ.

ವಾಪಸ್_ಬಂದವನು

ಒಂದು ಮಾತು ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಹೋದವರೆಲ್ಲ ಅಲ್ಲೇ ಮಣ್ಣಾಗುವುದಿಲ್ಲ. ಎಷ್ಟೋ ಜನ ವಾಪಸ್ ಬರುತ್ತಾರೆ. ನಾನು ಪೂರ್ವ ಆಫ್ರಿಕಾದಲ್ಲಿ ಕೆಲವು ವರ್ಷ ಇದ್ದು ಬಂದ ಪಾದ್ರಿ, ಈಗ ಕರ್ನಾಟಕದ ಒಂದು ಧರ್ಮಕೇಂದ್ರದಲ್ಲಿದ್ದೇನೆ. ಊರಲ್ಲಿ ಕೆಲವರು ಇವತ್ತಿಗೂ "ಯಾಕೆ ಬಂದಿರಿ ಫಾದರ್, ಏನಾಯ್ತು?" ಅಂತ ಕೇಳುವ ಧಾಟಿಯೇ ಬೇರೆ.

ಏನಾಯಿತು ಅಂದರೆ, ಒಂಟಿತನ. ದೊಡ್ಡ ಪ್ಯಾರಿಷ್, ಸುತ್ತ ಹತ್ತಾರು ಉಪಕೇಂದ್ರಗಳು, ಒಂದೊಂದಕ್ಕೂ ಮಣ್ಣಿನ ರಸ್ತೆಯಲ್ಲಿ ಗಂಟೆಗಟ್ಟಲೆ. ಭಾನುವಾರ ಪೂಜೆ ಎರಡು ಮೂರು ಗಂಟೆ ನಡೆಯುತ್ತದೆ, ಹಾಡು, ಕುಣಿತ, ಕಾಣಿಕೆಗೆ ಜೀವಂತ ಕೋಳಿ, ಬಾಳೆಗೊನೆ. ಅಷ್ಟು ಪ್ರೀತಿ ಬೇರೆ ಎಲ್ಲೂ ಕಂಡಿಲ್ಲ. ಆದರೆ ಸಂಜೆ ಬಂದು ಬೀಗ ತೆಗೆದರೆ ಮನೆಯಲ್ಲಿ ನಾನೊಬ್ಬನೇ. ಜನರ ನಡುವೆ ದಿನವಿಡೀ ಇದ್ದು ರಾತ್ರಿ ನನ್ನ ಭಾಷೆಯಲ್ಲಿ ಒಂದು ಮಾತಾಡಲು ಯಾರೂ ಇಲ್ಲದೆ, ಮಲೇರಿಯಾದಲ್ಲಿ ಮಲಗಿದಾಗ ಒಂದು ಲೋಟ ನೀರು ಕೊಡುವವರೂ ಇಲ್ಲದೆ, ಹಾಗೇ ತಿಂಗಳು ವರ್ಷ ಕಳೆದರೆ ಮನುಷ್ಯ ಒಳಗೇ ಕುಸಿಯುತ್ತಾನೆ. ಇನ್ನೊಬ್ಬರನ್ನು ಕಳಿಸಿ ಅಂತ ಕೇಳಿಕೊಂಡೆ, ಬಹಳ ದಿನ ಯಾರೂ ಬರಲಿಲ್ಲ. ಅದು ನನ್ನ ದೈವಕರೆಯ ಕೊರತೆ ಅಂತ ನಾನು ಒಪ್ಪುವುದಿಲ್ಲ.

ಇದು ಹೊಸ ತಿಳಿವಳಿಕೆಯೂ ಅಲ್ಲ. ಕಾರ್ಡಿನಲ್ ಲಾವಿಜೆರಿ 1868ರಲ್ಲಿ ಆಲ್ಜೀರ್ಸ್‌ನಲ್ಲಿ ವೈಟ್ ಫಾದರ್ಸ್ ಸಭೆ ಕಟ್ಟಿದಾಗ ಒಂದು ಮನೆಯಲ್ಲಿ ಮೂರು ಜನಕ್ಕಿಂತ ಕಡಿಮೆ ಇರಬಾರದು ಅಂತ ನಿಯಮವನ್ನೇ ಮಾಡಿದರು. ಆಫ್ರಿಕಾ ಒಬ್ಬನೇ ಮಾಡುವ ಕೆಲಸ ಅಲ್ಲ ಅಂತ ಅವರಿಗೆ ಆಗಲೇ ಗೊತ್ತಿತ್ತು.

ಆದ್ದರಿಂದ ಅಕ್ಕ, ನೀವು ಕೇಳಬೇಕಾದ ಪ್ರಶ್ನೆಗಳು ಇವು. ಆ ಮನೆಯಲ್ಲಿ ಎಷ್ಟು ಜನ ಇರುತ್ತಾರೆ? ಭಾಷೆ ಕಲಿಯಲು ಪೂರ್ತಿ ಸಮಯ ಕೊಡುತ್ತಾರಾ ಅಥವಾ ಹೋದ ತಿಂಗಳೇ ಕೆಲಸಕ್ಕೆ ಹಾಕುತ್ತಾರಾ? ಕಾಯಿಲೆ ಬಿದ್ದರೆ ಯಾವ ಆಸ್ಪತ್ರೆ? ಮನೆಯಲ್ಲಿ ಸಾವು ನೋವು ಆದರೆ ಟಿಕೆಟ್‌ಗೆ ಯಾರನ್ನು ಕೇಳಬೇಕು? ಇನ್ನು, ಥಿಯಾಲಜಿಗೂ ಮುಂಚೆ ಅಂದರೆ ಅವನು ಇನ್ನೂ ತಾತ್ಕಾಲಿಕ ವ್ರತದಲ್ಲಿ ಇರಬೇಕು, ಜೀವನಪೂರ್ತಿಯ ನಿತ್ಯವ್ರತ ಆಗಿರುವುದಿಲ್ಲ. ಈ ಎರಡು ವರ್ಷ ಇರುವುದೇ ಅವನೂ ನೋಡಲಿ, ಸಭೆಯೂ ನೋಡಲಿ ಅಂತ. ಆಗುವುದಿಲ್ಲ ಅನಿಸಿದರೆ ಹೇಳಿ ಬರಬಹುದು. ಬಂದರೆ ಮನೆಯ ಬಾಗಿಲು ತೆರೆದೇ ಇರುತ್ತದೆ ಅಂತ ಅಪ್ಪ ಒಂದು ಮಾತು ಹೇಳಿದರೆ ಅವನು ಧೈರ್ಯವಾಗಿ ಇರುತ್ತಾನೆ. ನನಗೆ ಆ ಮಾತು ಹೇಳಿದವರು ಇರಲಿಲ್ಲ.

ಪಾದ್ರಿಯ_ಅಮ್ಮ

ನನ್ನ ಮಗ ಪಾಪುವಾ ನ್ಯೂ ಗಿನಿಯಲ್ಲಿದ್ದಾನೆ. ನೆಟ್ ಸಿಕ್ಕಿದ ದಿನ ವಿಡಿಯೋ ಕಾಲ್ ಮಾಡುತ್ತಾನೆ, ಸಿಗದಿದ್ದರೆ ವಾರಗಟ್ಟಲೆ ಇಲ್ಲ. ಮೊಂತಿ ಫೆಸ್ತ್ (ಮರಿಯಮ್ಮನ ಹುಟ್ಟುಹಬ್ಬ, ನಮ್ಮ ತೆನೆಹಬ್ಬ) ದಿನ ಹೊಸ ಅಕ್ಕಿ ಊಟಕ್ಕೆ ಎಲೆ ಹಾಕುವಾಗ ಪ್ರತಿ ವರ್ಷ ಹೊಟ್ಟೆ ಕಿವುಚುತ್ತದೆ. ಅಮ್ಮನಿಗೆ ಹೇಳಿ, ಅಳುವುದು ತಪ್ಪಲ್ಲ. ದೇವರಿಗೆ ಕೊಟ್ಟ ಮೇಲೆ ಅಳಬಾರದು ಅಂತ ನನಗೆ ಯಾರೋ ಹೇಳಿದ್ದರು, ನಾನು ಕೇಳಲಿಲ್ಲ. ಮಾತೆ ಮರಿಯಮ್ಮ ಅಳಲಿಲ್ವಾ?

ಕರಾವಳಿ_ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಸಿಸ್ಟರ್ ಅವರ ಅಮ್ಮನ ವಿಷಯ ಬಂದಾಗ ಎದ್ದು ಹೊರಗೆ ಹೋದರು, ಆಮೇಲೆ ಬಂದು ಉಳಿದದ್ದು ಓದು ಅಂದರು. ರಾತ್ರಿ ತಮ್ಮನಿಗೆ ಅವರೇ ಫೋನ್ ಮಾಡಿದರು. "ಆ ಮನೆಯಲ್ಲಿ ಎಷ್ಟು ಜನ ಇರುತ್ತೀರಿ?" ಅಂತ ಕೇಳಿದರು. ಅವನು ಸೇರಿ ನಾಲ್ಕು ಜನವಂತೆ, ಅದರಲ್ಲಿ ಇಬ್ಬರು ಟಾಂಜಾನಿಯಾದವರೇ. ಟಿಕೆಟ್ ವಿಷಯ ಅವನಿಗೂ ಗೊತ್ತಿಲ್ಲ, ಪ್ರೊವಿನ್ಶಿಯಲ್ (ಸಭೆಯ ಪ್ರಾಂತ್ಯದ ಮುಖ್ಯಸ್ಥರು) ಹತ್ತಿರ ಕೇಳುತ್ತೇನೆ ಅಂದಿದ್ದಾನೆ. ಅಪ್ಪ ಒಪ್ಪಿದ್ದಾರೆ ಅಂತ ಹೇಳಲಾರೆ. ಮಾತು ಶುರುವಾಗಿದೆ.

ಸಿಸ್ಟರ್, ಸ್ವಾಹಿಲಿ ಇಲ್ಲಿಂದಲೇ ಸ್ವಲ್ಪ ಕಲಿತು ಹೋದರೆ ಒಳ್ಳೆಯದಾ?

ಹಳೆಯ_ಸಿಸ್ಟರ್

ಅಷ್ಟು ಬೇಕಿಲ್ಲ, ಅಲ್ಲೇ ಭಾಷಾ ಶಾಲೆಗೆ ಕಳಿಸುತ್ತಾರೆ. ಹಿರಿಯರಿಗೆ "ಶಿಕಾಮೂ" ಅಂತ ನಮಸ್ಕಾರ ಹೇಳುವುದು ಮಾತ್ರ ಇಲ್ಲಿಂದಲೇ ರೂಢಿ ಮಾಡಿಕೊಂಡು ಹೋಗಲಿ, ಅದನ್ನು ಹೇಳದಿದ್ದರೆ ಅಲ್ಲಿ ತುಂಬಾ ಬೇಜಾರು ಮಾಡಿಕೊಳ್ಳುತ್ತಾರೆ. ಟಿಕೆಟ್ ವಿಷಯ ಅವನೊಬ್ಬನೇ ಕೇಳುವುದು ಬೇಡ. ಅಪ್ಪ ಅಮ್ಮ ಇಬ್ಬರೂ ಹೋಗಿ ಪ್ರೊವಿನ್ಶಿಯಲ್ ಮುಂದೆ ಕೂತು ಕೇಳಲಿ. ಕೇಳುವ ಹಕ್ಕು ಅವರಿಗಿದೆ.