ಪ್ರತಿ ಫಂಕ್ಷನ್‌ಗೂ ಟ್ರೈ-ಎಕ್ಸೆಪ್ಟ್ ಬರೆಯಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಕಲಬುರಗಿ: ಗಂಜ್ ಮಾರುಕಟ್ಟೆಯ ತೊಗರಿ ದರದ ಸಿಎಸ್‌ವಿ ಫೈಲ್ ಓದಿ ವಾರದ ಸರಾಸರಿ ತೆಗೆಯುವ ಪೈಥಾನ್ ಸ್ಕ್ರಿಪ್ಟ್ ಇದೆ. ಒಂದು ಸಾಲು ಕೆಟ್ಟಿದ್ದರೂ ಇಡೀ ಸ್ಕ್ರಿಪ್ಟ್ ನಿಂತುಬಿಡುತ್ತದೆ. ಎಲ್ಲ ಕಡೆ ಎರರ್ ಹಿಡಿಯುವ ಟ್ರೈ-ಎಕ್ಸೆಪ್ಟ್ ಹಾಕಿ ಹಾಕಿ ಕೋಡ್ ಓದಲಿಕ್ಕೇ ಆಗುತ್ತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಬೀದರ್‌ನಿಂದ: ಡೆಕೊರೇಟರ್ ಬರೆಯಿರಿ ಸರ್, ಅಂದರೆ ಬೇರೆ ಫಂಕ್ಷನ್‌ಗೆ ಹೊದಿಕೆ ಹಾಕುವ ಫಂಕ್ಷನ್. ಟ್ರೈ-ಎಕ್ಸೆಪ್ಟ್ ಅದರಲ್ಲಿ ಒಂದೇ ಸಲ ಇರುತ್ತದೆ. ಬೇಕಾದ ಫಂಕ್ಷನ್ ತಲೆ ಮೇಲೆ ಅದರ ಹೆಸರು ಹಾಕಿದರೆ ಸಾಕು. 2004ರ ಪೈಥಾನ್ 2.4ರಿಂದಲೂ ಈ ಸೌಲಭ್ಯ ಇದೆ. ಪೈಥಾನ್ ಜೊತೆಗೇ ಬರುವ ಫಂಕ್‌ಟೂಲ್ಸ್‌ನ ‘ರ‍್ಯಾಪ್ಸ್’ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಯಾವ ಫಂಕ್ಷನ್‌ನ ಹೆಸರು ಕೇಳಿದರೂ ಒಳಗಿನ ರ‍್ಯಾಪರ್ (ಹೊದಿಕೆ ಫಂಕ್ಷನ್) ಹೆಸರೇ ಬರುತ್ತದೆ.

ಕಲಬುರಗಿಯಿಂದಲೇ ಇನ್ನೊಬ್ಬರು: ಡೆಕೊರೇಟರ್ ಸರಿ. ಆದರೆ ಎರರ್ ಬಂದಾಗ ವಾಪಸ್ ಏನು ಕೊಡುತ್ತೀರಿ ಅನ್ನೋದನ್ನು ಮೊದಲು ನೋಡ್ರಿ. ದರದ ಜಾಗದಲ್ಲಿ ಬರೀ ಗೆರೆ ಇದ್ದರೆ ಅದನ್ನು ಸಂಖ್ಯೆ ಮಾಡುವ ‘ಫ್ಲೋಟ್’ ವ್ಯಾಲ್ಯೂಎರರ್ ಕೊಡುತ್ತದೆ. ಅದನ್ನು ಹಿಡಿದು ಸುಮ್ನೆ 0 ಕೊಟ್ಟಿರೋ, ಕೆಲಸ ಕೆಟ್ಟಿತು. ಐದು ದಿನ ಕ್ವಿಂಟಲ್‌ಗೆ 7,000, ಒಂದು ದಿನ 0 ಅಂತಿಟ್ಟುಕೊಳ್ಳಿ. ಸರಾಸರಿ 5,833ಕ್ಕೆ ಇಳಿಯುತ್ತದೆ, ಸ್ಕ್ರಿಪ್ಟ್ ಏನೂ ಆಗಿಲ್ಲವೆಂಬಂತೆ ಮುಗಿಯುತ್ತದೆ. ಅದಕ್ಕಿಂತ ನಿಂತಿದ್ದರೇ ವಾಸಿ, ಅಲ್ವಾ? ಖಾಲಿ ಅಂತ ಸೂಚಿಸುವ ‘ನನ್’ (None) ಕೊಡಿ, ಸರಾಸರಿಯಲ್ಲಿ ಆ ದಿನ ಬಿಡಿ. ಫೈಲ್ ಹೆಸರು, ಸಾಲಿನ ನಂಬರ್ ಲಾಗ್‌ಗೆ ಹೋಗಲಿ.

ಎಕ್ಸೆಪ್ಟ್ ಮುಂದೆ ಏನೂ ಬರೆಯದೆ ಬಿಡುವ ಅಭ್ಯಾಸ ಜಾಸ್ತಿ ಜನಕ್ಕಿದೆ. ಅದು ಸ್ಕ್ರಿಪ್ಟ್ ನಿಲ್ಲಿಸಲು ಒತ್ತುವ ಕಂಟ್ರೋಲ್-ಸಿಯನ್ನೂ ನುಂಗುತ್ತದೆ. ವ್ಯಾಲ್ಯೂಎರರ್ ಅಂತ ಹೆಸರು ಹೇಳಿಯೇ ಹಿಡಿಯಿರಿ. ವೇರಿಯಬಲ್ ಹೆಸರು ತಪ್ಪಿ ಬರುವ ನೇಮ್‌ಎರರ್‌ಗೆ ಸ್ಕ್ರಿಪ್ಟ್ ಬೀಳಲಿ ಬಿಡಿ, ಅದು ನಿಮ್ಮ ಕೋಡ್‌ನ ತಪ್ಪು, ಡೇಟಾದ್ದಲ್ಲ.

ಯಾದಗಿರಿಯಿಂದ: ಫೈಲ್ ಡೌನ್‌ಲೋಡ್ ಮಾಡುವ ಫಂಕ್ಷನ್‌ಗೆ ನಾನು ಬೇರೆ ರ‍್ಯಾಪರ್ ಇಟ್ಟಿದ್ದೇನೆ. ನೆಟ್ ಕೈಕೊಟ್ಟರೆ 1, 2, 4 ಸೆಕೆಂಡ್ ಹೀಗೆ ಬಿಡುವು ಕೊಟ್ಟು ಮತ್ತೆ ಪ್ರಯತ್ನಿಸುತ್ತದೆ. ಕೊನೆಗೂ ಆಗದಿದ್ದರೆ ಎರರ್ ಹಾಗೇ ಮೇಲಕ್ಕೆ ಹೋಗುತ್ತದೆ. ‘ಫೈಲ್ ಸಿಗಲಿಲ್ಲ’ ಎನ್ನುವ 404 ಬಂದರೆ ಮತ್ತೆ ಕೇಳಿ ಉಪಯೋಗವಿಲ್ಲ. ಡೌನ್‌ಲೋಡ್‌ಗೆ ಬಳಸುವ ರಿಕ್ವೆಸ್ಟ್ಸ್ ಲೈಬ್ರರಿಗೆ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕೆಂಬ ಮಿತಿ) ನೀವೇ ಕೊಡಬೇಕು. ಕೊಡದಿದ್ದರೆ ಉತ್ತರ ಬರದಿದ್ದಾಗ ಅದು ಕಾಯುತ್ತಲೇ ಕೂರಬಹುದು. ಎರರೇ ಬರದಿದ್ದರೆ ರ‍್ಯಾಪರ್ ಹಿಡಿಯೋದಾದರೂ ಏನನ್ನು?

ಕೇಳಿದವರು: ಹಾಗಾದರೆ ಮೇನ್ ಫಂಕ್ಷನ್‌ಗೂ ಒಂದು ಬೇಕಾ?

ಬೀದರ್‌ನಿಂದ: ಬೇಕು. ಅಲ್ಲಿ ಎರರ್ ಎಲ್ಲಿಂದ ಬಂತೆಂದು ತೋರಿಸುವ ಪೂರ್ತಿ ಟ್ರೇಸ್‌ಬ್ಯಾಕ್ ಲಾಗ್‌ಗೆ ಬರೆದು ಎಕ್ಸಿಟ್ ಕೋಡ್ 1 ಕೊಟ್ಟು ಹೊರಬನ್ನಿ. 0 ಕೊಟ್ಟರೆ ನಿಮ್ಮ ಸ್ಕ್ರಿಪ್ಟ್ ಓಡಿಸುವ ಶೆಲ್ ಎಲ್ಲ ಸರಿಯಾಯಿತು ಅಂದುಕೊಂಡು ಮುಂದಿನ ಕೆಲಸ ಶುರು ಮಾಡಿಬಿಡುತ್ತದೆ.